ಸರ್ಕಾರಿ ಶಾಲೆಯ ಮಗುವಿಗೆ ಹಲ್ಲಿನ ಕ್ಲಿಪ್: ಬೆಂಗಳೂರಿನ ಪೋಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆಯಲ್ಲಿ ದಂತ ತಪಾಸಣೆ ನಡೆದ ದಿನ ಸಂಜೆ ಮಗುವಿನ ಬ್ಯಾಗಿನಲ್ಲಿ ಒಂದು ಚೀಟಿ ಮನೆ ಸೇರುತ್ತದೆ. ಅದರಲ್ಲಿ ‘ಹುಳುಕು ಹಲ್ಲು’ ಎಂದಿದ್ದರೆ ಮನೆಯವರಿಗೆ ವಿಷಯ ಕೂಡಲೇ ತಿಳಿಯುತ್ತದೆ. ‘ವಕ್ರದಂತ, ತಜ್ಞರಿಗೆ ತೋರಿಸುವುದು’ ಎಂದಿದ್ದರೆ ಮಾತ್ರ ಅದು ಕಾಯಿಲೆಯೋ, ಶೋಕಿಯೋ, ಸಾವಿರಾರು ರೂಪಾಯಿಯ ಬಾಬತ್ತೋ ಗೊತ್ತಾಗದೆ ಚೀಟಿ ದೇವರ ಪಟದ ಹಿಂದೆ ಉಳಿದುಬಿಡುತ್ತದೆ. ಶಾಲಾ ತಪಾಸಣೆಗೆ ಹೋಗುವ ನನ್ನಂಥ ದಂತವೈದ್ಯರನ್ನು ಪೋಷಕರೂ ಶಿಕ್ಷಕರೂ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಚೀಟಿಯಲ್ಲಿ ‘ವಕ್ರದಂತ’ ಎಂದು ಬರೆದಿದ್ದಾರೆ. ಕ್ಲಿಪ್ ಹಾಕಿಸಲೇಬೇಕೆ?

ಹಾಗೇನಿಲ್ಲ. ಶಾಲೆಯ ತಪಾಸಣೆ ಎಂದರೆ ಜಗಲಿಯಲ್ಲೋ ಖಾಲಿ ಕೊಠಡಿಯಲ್ಲೋ ಹಾಕಿದ ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಟಾರ್ಚು, ಬಾಯಿಯೊಳಗೆ ನೋಡುವ ಪುಟ್ಟ ಕನ್ನಡಿ. ಒಂದು ಮಗುವಿಗೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಹಲ್ಲುಗಳು ಸಾಲು ತಪ್ಪಿವೆಯೇ, ಮೇಲಿನ ಮತ್ತು ಕೆಳಗಿನ ದವಡೆಗಳು ಸರಿಯಾಗಿ ಕೂಡುತ್ತಿವೆಯೇ ಎಂದು ಕಣ್ಣಂದಾಜಿನಲ್ಲಿ ಹೇಳಬಹುದೇ ಹೊರತು ಚಿಕಿತ್ಸೆಯನ್ನು ನಿರ್ಧರಿಸಲಾಗದು. ತಜ್ಞರು ಒಮ್ಮೆ ನೋಡಲಿ ಎಂಬುದಷ್ಟೇ ಆ ಚೀಟಿಯ ಅರ್ಥ. ತಜ್ಞರ ಬಳಿಗೆ ಹೋದ ಎಷ್ಟೋ ಮಕ್ಕಳಿಗೆ ‘ಆರು ತಿಂಗಳು ಬಿಟ್ಟು ಕರೆದುಕೊಂಡು ಬನ್ನಿ’ ಎಂದಷ್ಟೇ ಹೇಳಿ ಕಳುಹಿಸುತ್ತಾರೆ. ಇದನ್ನು ಕೇಳಿ ಬೇಸರಪಟ್ಟುಕೊಳ್ಳುವ ಪೋಷಕರಿದ್ದಾರೆ. ಆದರೆ ಬೆಳೆಯುವ ಬಾಯಿಯ ಮಟ್ಟಿಗೆ ಕಾದು ನೋಡುವುದೂ ಚಿಕಿತ್ಸೆಯ ಒಂದು ಭಾಗವೇ.

ಶಾಲೆಗೆ ಬರುವ ತಂಡ ಯಾವುದು? ಅವರೇ ಕ್ಲಿಪ್ ಹಾಕುತ್ತಾರೆಯೇ?

ಶಾಲೆಗೆ ಎರಡು ಬಗೆಯ ತಂಡಗಳು ಬರುತ್ತವೆ. ಒಂದು, 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ಆರೋಗ್ಯ ತಂಡ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಆರೋಗ್ಯ ನೋಡುವ ಈ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಭೇಟಿ ಕೊಡುವುದು ಪದ್ಧತಿ. ಅದರ ಪಟ್ಟಿಯಲ್ಲಿ ಹಲ್ಲಿನ ಹುಳುಕೂ ಇದೆ, ಸೀಳುತುಟಿ ಮತ್ತು ಸೀಳು ಅಂಗಳವೂ (ಬಾಯಿಯ ಮೇಲ್ಛಾವಣಿಯಲ್ಲಿನ ಸೀಳು) ಇವೆ. ಇನ್ನೊಂದು, ದಂತ ವೈದ್ಯಕೀಯ ಕಾಲೇಜುಗಳ ಸಮುದಾಯ ದಂತ ಆರೋಗ್ಯ ವಿಭಾಗದವರು ನಡೆಸುವ ಶಿಬಿರ. ಇವೆರಡೂ ಸಮಸ್ಯೆಯನ್ನು ಗುರುತಿಸಿ ಆಸ್ಪತ್ರೆಗೆ ಕಳುಹಿಸುವ ವ್ಯವಸ್ಥೆಗಳು. ಶಾಲೆಯ ಕೊಠಡಿಯಲ್ಲಿ ಯಾರೂ ಕ್ಲಿಪ್ ಹಾಕುವುದಿಲ್ಲ, ಹಾಕಲೂಬಾರದು.

ಇನ್ನೊಂದು ಗೊಂದಲವನ್ನೂ ಇಲ್ಲೇ ಪರಿಹರಿಸಬಹುದು. ದಂತ ಭಾಗ್ಯ ಎಂಬ ಹೆಸರನ್ನು ಕೇಳಿ ಮಕ್ಕಳನ್ನು ಕರೆತರುವವರಿದ್ದಾರೆ. ಅದು ಹಲ್ಲು ಕಳೆದುಕೊಂಡ ಹಿರಿಯರಿಗೆ ಹಲ್ಲಿನ ಸೆಟ್ ಕೊಡುವ ಯೋಜನೆ. ಮಕ್ಕಳ ವಕ್ರದಂತಕ್ಕೂ ಅದಕ್ಕೂ ಸಂಬಂಧವಿಲ್ಲ.

ಯಾವ ಮಗುವಿಗೆ ಚಿಕಿತ್ಸೆ ನಿಜವಾಗಿಯೂ ಬೇಕು?

ಸಾಲು ತುಸು ಓರೆಯಾದ ಮಾತ್ರಕ್ಕೆ ಅದು ರೋಗವಲ್ಲ. ಸಾರ್ವಜನಿಕ ಸೇವೆಯಲ್ಲಿ ಕುರ್ಚಿಗಳೂ ಕೈಗಳೂ ಕಡಿಮೆಯಿರುವುದರಿಂದ ಯಾರಿಗೆ ಮೊದಲು ಎಂಬ ಪ್ರಶ್ನೆ ಸದಾ ಇರುತ್ತದೆ. ಬ್ರಿಟನ್ನಿನಲ್ಲಿ ಇದಕ್ಕೆಂದೇ 1989ರಲ್ಲಿ ಪ್ರಕಟವಾದ, ಅಗತ್ಯವನ್ನು ಐದು ದರ್ಜೆಗಳಾಗಿ ವಿಂಗಡಿಸುವ ಅಳತೆಗೋಲೊಂದಿದೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ 18 ವರ್ಷದೊಳಗಿನವರಿಗೆ ಉಚಿತ ಚಿಕಿತ್ಸೆ ಕೊಡುವುದು ಅಗತ್ಯ ಹೆಚ್ಚಿರುವ ದರ್ಜೆಗಳಲ್ಲಿ ಬರುವ ಮಕ್ಕಳಿಗೆ ಮಾತ್ರ. ಸಿರಿವಂತ ದೇಶವೇ ಎಲ್ಲರಿಗೂ ಕ್ಲಿಪ್ಪಿನ ತಂತಿ ಕಟ್ಟಲಾರದೆಂದ ಮೇಲೆ ನಮ್ಮಲ್ಲಿಯೂ ಅಂದಕ್ಕಿಂತ ಅಗತ್ಯಕ್ಕೆ ಮೊದಲ ಸ್ಥಾನ ಸಿಗುವುದು ನ್ಯಾಯವೇ ಎಂದು ನನಗೆ ಅನ್ನಿಸುತ್ತದೆ.

ತಡಮಾಡಬಾರದ ಕೆಲವು ಸ್ಥಿತಿಗಳಿವೆ. ಮೇಲಿನ ಮುಂಬಲ್ಲುಗಳು ಬಹಳ ಮುಂದಕ್ಕೆ ಚಾಚಿ ತುಟಿ ಮುಚ್ಚಲಾಗದ ಮಗು ಕಬಡ್ಡಿ, ಖೋಖೋ ಆಡುವಾಗ ಮುಗ್ಗರಿಸಿದರೆ ಮೊದಲು ಏಟು ಬೀಳುವುದು ಆ ಹಲ್ಲುಗಳಿಗೇ. ಬಾಯಿ ಮುಚ್ಚಿದಾಗ ಮೇಲಿನ ಹಲ್ಲು ಕೆಳಗಿನ ಹಲ್ಲಿನ ಹಿಂದಕ್ಕೆ ಹೋಗಿ ಕೂರುತ್ತಿದ್ದರೆ, ಕಚ್ಚುವಾಗ ದವಡೆ ಒಂದು ಪಕ್ಕಕ್ಕೆ ಸರಿಯುತ್ತಿದ್ದರೆ, ಕೆಳಗಿನ ಮುಂಬಲ್ಲುಗಳು ಮೇಲಿನ ಅಂಗಳಕ್ಕೆ ಚುಚ್ಚಿ ಗಾಯ ಮಾಡುತ್ತಿದ್ದರೆ, ಒಂದು ಕಡೆ ಹುಟ್ಟಿದ ಹಲ್ಲು ಇನ್ನೊಂದು ಕಡೆ ಆರು ತಿಂಗಳು ಕಳೆದರೂ ಕಾಣಿಸದಿದ್ದರೆ, ಆ ಮಗುವನ್ನು ಬೇಗ ತೋರಿಸಬೇಕು. ಸೀಳುತುಟಿ ಅಥವಾ ಸೀಳು ಅಂಗಳದ ಶಸ್ತ್ರಚಿಕಿತ್ಸೆ ಆಗಿರುವ ಮಕ್ಕಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಅಗತ್ಯ. ತುಟಿ ಹೊಲಿದರೆ ಕೆಲಸ ಮುಗಿಯಿತೆಂದು ತಿಳಿಯುವ ಕುಟುಂಬಗಳು ಬಹಳ. ಆದರೆ ಒಸಡಿನೊಳಗೂ ಸೀಳು ಇರುವ ಮಕ್ಕಳಲ್ಲಿ ಕೋರೆ ಹಲ್ಲು ಇಳಿಯುವ ಮುಂಚೆ, ಸಾಮಾನ್ಯವಾಗಿ 8ರಿಂದ 11ರ ನಡುವೆ, ಆ ಜಾಗಕ್ಕೆ ಮೂಳೆ ತುಂಬುವ ಶಸ್ತ್ರಚಿಕಿತ್ಸೆ ಮಾಡಬೇಕಾಗುತ್ತದೆ, ಅದಕ್ಕೆ ಮುಂಚಿತವಾಗಿ ದವಡೆಯನ್ನು ಅಣಿಗೊಳಿಸುವವರು ವಕ್ರದಂತ ತಜ್ಞರು.

ಎಷ್ಟನೆಯ ವಯಸ್ಸಿನಲ್ಲಿ ತೋರಿಸಬೇಕು?

ಏಳು ವರ್ಷದ ಹೊತ್ತಿಗೆ, ಅಂದರೆ ಒಂದನೆಯ ಅಥವಾ ಎರಡನೆಯ ತರಗತಿಯಲ್ಲಿ, ಒಮ್ಮೆ ತೋರಿಸಿದರೆ ಸಾಕು. ಆ ವೇಳೆಗೆ ಮೊದಲ ಶಾಶ್ವತ ದವಡೆ ಹಲ್ಲುಗಳೂ ಕೆಲವು ಮುಂಬಲ್ಲುಗಳೂ ಬಂದಿರುವುದರಿಂದ ಮುಂದೆ ಆಗಬಹುದಾದ ತೊಡಕಿನ ಸುಳಿವು ಸಿಗುತ್ತದೆ. ಪೂರ್ಣ ಪ್ರಮಾಣದ ಕ್ಲಿಪ್ ಹಾಕುವುದು ಸಾಮಾನ್ಯವಾಗಿ ಹಾಲು ಹಲ್ಲುಗಳೆಲ್ಲ ಬಿದ್ದ ಮೇಲೆ, 12 ವರ್ಷದ ಆಸುಪಾಸಿನಲ್ಲಿ.

ಇವೆರಡರ ನಡುವೆ ತಪ್ಪಿಸಿಕೊಳ್ಳಬಾರದ ಒಂದು ಅವಧಿ ಇದೆ. ಕೆಳದವಡೆಯೇ ಹಿಂದೆ ಉಳಿದಿರುವ ಮಕ್ಕಳಿಗೆ, ಎತ್ತರ ಭರಭರನೆ ಏರುವ ಕಾಲದಲ್ಲಿ, ಬಾಯಲ್ಲಿಟ್ಟುಕೊಳ್ಳುವ ವಿಶೇಷ ಪ್ಲೇಟುಗಳನ್ನು ಕೊಟ್ಟು ದವಡೆಯ ಬೆಳವಣಿಗೆಯನ್ನು ಅನುಕೂಲಕ್ಕೆ ಬಳಸಿಕೊಳ್ಳಬಹುದು. ಹೆಣ್ಣುಮಕ್ಕಳಲ್ಲಿ ಈ ಕಾಲ ಸುಮಾರು 10ರಿಂದ 12, ಗಂಡುಮಕ್ಕಳಲ್ಲಿ 12ರಿಂದ 14. ಸಮವಸ್ತ್ರದ ಪ್ಯಾಂಟು ಜೂನ್‌ನಲ್ಲಿ ಹೊಲಿಸಿದ್ದು ಡಿಸೆಂಬರ್‌ಗೆ ಗಿಡ್ಡವಾಯಿತೆಂದರೆ ಸಮಯ ಬಂದಿದೆ ಎಂದೇ ತಿಳಿಯಿರಿ. ಇದಕ್ಕೆ ವಿರುದ್ಧವಾಗಿ ಕೆಳದವಡೆ ಮುಂದಕ್ಕೆ ಬಂದಿರುವ ಮಗುವನ್ನು ಅಷ್ಟು ಕಾಲ ಕಾಯಿಸಬಾರದು. ಮೇಲ್ದವಡೆಯನ್ನು ಮುಂದಕ್ಕೆಳೆಯುವ ಚಿಕಿತ್ಸೆ ಎಂಟು, ಒಂಬತ್ತು ವರ್ಷದೊಳಗೆ ಚೆನ್ನಾಗಿ ಫಲ ಕೊಡುತ್ತದೆ.

ಎಂಟು ವರ್ಷದ ಮಗಳ ಮುಂಬಲ್ಲುಗಳ ನಡುವೆ ದೊಡ್ಡ ಸಂದು ಬಿದ್ದಿದೆ. ಈಗಲೇ ಮುಚ್ಚಿಸಬೇಕೆ?

ಬಹುಪಾಲು ಬೇಡ. ಒಳಗಿರುವ ಕೋರೆ ಹಲ್ಲುಗಳು ಮುಂಬಲ್ಲುಗಳ ಬೇರನ್ನು ಒತ್ತುವುದರಿಂದ ಆ ವಯಸ್ಸಿನಲ್ಲಿ ಹಲ್ಲುಗಳು ಬೀಸಣಿಗೆಯಂತೆ ಹರಡಿಕೊಳ್ಳುತ್ತವೆ. ಹನ್ನೊಂದು, ಹನ್ನೆರಡನೆಯ ವರ್ಷದಲ್ಲಿ ಕೋರೆ ಹಲ್ಲು ಇಳಿದಾಗ ಸಂದು ಅನೇಕ ಮಕ್ಕಳಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ.

ಅಂತರ್ಜಾಲದಲ್ಲಿ ನೋಡಿ ಆ ಎರಡು ಹಲ್ಲುಗಳಿಗೆ ಸಾಮಾನ್ಯ ರಬ್ಬರ್ ಬ್ಯಾಂಡ್ ಸುತ್ತುವ ಸಾಹಸವನ್ನು ಮಾತ್ರ ಯಾರೂ ಮಾಡಬಾರದು. ಹಲ್ಲು ಬೇರಿನ ಕಡೆಗೆ ಸಣ್ಣದಾಗುತ್ತಾ ಹೋಗುವುದರಿಂದ ರಬ್ಬರು ಮೆಲ್ಲನೆ ಒಸಡಿನೊಳಕ್ಕೆ ಜಾರಿ, ಕಣ್ಣಿಗೆ ಕಾಣದೆ ಬೇರಿನ ಸುತ್ತಲ ಮೂಳೆಯನ್ನು ಹಾಳುಮಾಡುತ್ತದೆ. ಕೊನೆಗೆ ಗಟ್ಟಿಮುಟ್ಟಾದ ಎರಡು ಹಲ್ಲುಗಳು ಅಲುಗಾಡಿ ಬೀಳಬಹುದು.

ಹಾಲು ಹಲ್ಲು ಹುಳುಕಾಗಿದೆ. ಹೇಗೂ ಬೀಳುವ ಹಲ್ಲಿಗೆ ಚಿಕಿತ್ಸೆ ಏಕೆ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯವಿದ್ದರೆ ಇದನ್ನು ಓದಿ. ಬಿದ್ದ ಹಾಲು ಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಮಾಳಿಗೆಯ ಮೇಲೆ ಎಸೆಯುವ ನಮ್ಮ ವಾಡಿಕೆ ಚೆಂದವೇ. ಆದರೆ ಅದು ಬೀಳಬೇಕಾದ ಕಾಲಕ್ಕೆ ಬೀಳಬೇಕು. ಹಿಂಬದಿಯ ಹಾಲು ದವಡೆ ಹಲ್ಲುಗಳು ಬೀಳುವುದು 10ರಿಂದ 12ರ ನಡುವೆ. ಅಲ್ಲಿಯವರೆಗೆ ಅವು ಅಗಿಯುವುದರ ಜೊತೆಗೆ, ತಮ್ಮ ಕೆಳಗೆ ಬೆಳೆಯುತ್ತಿರುವ ಹಲ್ಲಿಗೆ ಜಾಗ ಹಿಡಿದಿರುತ್ತವೆ. ಬಸ್ಸಿನ ಸೀಟಿನ ಮೇಲೆ ಕರ್ಚೀಫು ಹಾಕಿದ ಹಾಗೆ. ಆರು ವರ್ಷಕ್ಕೇ ಹುಳುಕಾಗಿ ಆ ಹಲ್ಲನ್ನು ಕೀಳಿಸಿದರೆ, ಹಿಂದಿರುವ ಶಾಶ್ವತ ದವಡೆ ಹಲ್ಲು ಮುಂದಕ್ಕೆ ವಾಲಿ ಆ ಜಾಗದಲ್ಲಿ ಕೂತುಬಿಡುತ್ತದೆ. ನಾಲ್ಕೈದು ವರ್ಷದ ಮೇಲೆ ಬರಬೇಕಾದ ಹಲ್ಲಿಗೆ ದಾರಿಯಿಲ್ಲದೆ ಅದು ಒಳಗೇ ಉಳಿಯುತ್ತದೆ, ಇಲ್ಲವೇ ಓರೆಯಾಗಿ ಹೊರಬರುತ್ತದೆ. ಹುಳುಕು ತುಂಬಿಸಿ ಆ ಹಾಲು ಹಲ್ಲನ್ನು ಉಳಿಸಿಕೊಂಡಿದ್ದರೆ ತಪ್ಪುತ್ತಿದ್ದ ತೊಂದರೆಗೆ ಆಮೇಲೆ ಎರಡು ವರ್ಷ ತಂತಿ ಕಟ್ಟಬೇಕಾಗುತ್ತದೆ. ಕೀಳಲೇಬೇಕಾದ ಸ್ಥಿತಿ ಬಂದಿದ್ದರೆ, ಪಕ್ಕದ ಹಲ್ಲಿಗೆ ಉಂಗುರದಂಥ ಪಟ್ಟಿ ತೊಡಿಸಿ ಅದಕ್ಕೆ ತಂತಿಯ ಕುಣಿಕೆ ಬೆಸೆದು ಜಾಗ ಕಾಯುವ ಸಾಧನವನ್ನು ಹಾಕುತ್ತಾರೆಯೇ ಎಂದು ಮಕ್ಕಳ ದಂತವೈದ್ಯರನ್ನು ಕೇಳಿ.

ಆರನೆಯ ವರ್ಷದಲ್ಲಿ ಬರುವ ಶಾಶ್ವತ ದವಡೆ ಹಲ್ಲಿನದು ಬೇರೆಯೇ ಕಥೆ. ಯಾವ ಹಲ್ಲೂ ಬೀಳದೆ, ಸಾಲಿನ ಕೊನೆಯಲ್ಲಿ ಅದು ಸದ್ದಿಲ್ಲದೆ ಹುಟ್ಟುವುದರಿಂದ ಮನೆಯವರು ಅದನ್ನೂ ಹಾಲು ಹಲ್ಲೆಂದೇ ತಿಳಿಯುತ್ತಾರೆ. ಒಮ್ಮೆ ಮೂರನೆಯ ತರಗತಿಯ ಹುಡುಗನೊಬ್ಬನ ಬಾಯಲ್ಲಿ ಅರ್ಧ ಕರಗಿದ್ದ ಆ ಹಲ್ಲನ್ನು ಕನ್ನಡಿಯಲ್ಲಿ ಅವನ ತಾಯಿಗೆ ತೋರಿಸಿದಾಗ, ‘ಇನ್ನೊಂದು ಬರುತ್ತಲ್ಲ ಡಾಕ್ಟ್ರೇ’ ಎಂದರು. ಬರುವುದಿಲ್ಲ ಎಂದು ಹೇಳಬೇಕಾಯಿತು. ಶಾಲೆಯ ದಂತ ಸೇವೆಯ ಹಣ ಮತ್ತು ಸಮಯವನ್ನು ಎಲ್ಲಿ ಹಾಕಬೇಕೆಂದು ನನ್ನನ್ನು ಕೇಳಿದರೆ, ತಂತಿಗಿಂತ ಮೊದಲು ಆರನೆಯ ವರ್ಷದಲ್ಲಿ ಬರುವ ಈ ನಾಲ್ಕು ಹಲ್ಲುಗಳ ಗುಳಿಗಳನ್ನು ಸೀಲೆಂಟ್ ಹಚ್ಚಿ ಮುಚ್ಚುವುದಕ್ಕೆ ಎನ್ನುತ್ತೇನೆ.

ಮಗು ಇನ್ನೂ ಬೆರಳು ಚೀಪುತ್ತದೆ. ಬೇವಿನ ರಸ ಹಚ್ಚಬಹುದೇ?

ನಾಲ್ಕು ವರ್ಷದವರೆಗೆ ಚಿಂತಿಸುವ ಅಗತ್ಯವಿಲ್ಲ. ಶಾಶ್ವತ ಮುಂಬಲ್ಲು ಬರುವ ಹೊತ್ತಿಗೂ ಅಭ್ಯಾಸ ಉಳಿದರೆ ಹಲ್ಲು ಮುಂದಕ್ಕೆ ಬಾಗುತ್ತದೆ, ಮೇಲಿನ ದವಡೆ ಕಿರಿದಾಗುತ್ತದೆ. ಬೇವು ಹಚ್ಚುವುದು, ಬೈಯುವುದು, ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸುವುದು ಮಗುವನ್ನು ಇನ್ನಷ್ಟು ಕುಗ್ಗಿಸಬಹುದು. ಬಿಡಬೇಕೆಂಬ ಮನಸ್ಸು ಮಗುವಿಗೇ ಬಂದ ಮೇಲೆ ನೆನಪಿಸುವುದಕ್ಕೊಂದು ಸಣ್ಣ ಸಾಧನವನ್ನು ಅಂಗಳಕ್ಕೆ ಹೊಂದಿಸಬಹುದು. ಯಾವಾಗಲೂ ಬಾಯಿಂದಲೇ ಉಸಿರಾಡುವ, ರಾತ್ರಿ ಗೊರಕೆ ಹೊಡೆಯುವ ಮಗುವನ್ನು ಮೊದಲು ಕಿವಿ, ಮೂಗು, ಗಂಟಲು ವೈದ್ಯರಿಗೆ ತೋರಿಸಬೇಕು.

ಬೆಂಗಳೂರಿನಲ್ಲಿ ಎಲ್ಲಿಗೆ ಹೋಗಬೇಕು? ಖರ್ಚು ಎಷ್ಟಾದೀತು?

ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ, ಕೋಟೆಯ ಬಳಿ, 1958ರಲ್ಲಿ ಆರಂಭವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ ಇದೆ. ಕೆ.ಆರ್. ಮಾರುಕಟ್ಟೆ ಮೆಟ್ರೊ ನಿಲ್ದಾಣದಿಂದ ನಡೆದುಕೊಂಡೇ ಹೋಗಬಹುದು. ನಗರದ ಖಾಸಗಿ ದಂತ ಕಾಲೇಜುಗಳಲ್ಲಿಯೂ ಸ್ನಾತಕೋತ್ತರ ವಿಭಾಗವಿರುವ ಕಡೆ ಹೊರಗಿನ ಕ್ಲಿನಿಕ್ಕಿಗಿಂತ ಕಡಿಮೆ ದರದಲ್ಲಿ ಚಿಕಿತ್ಸೆ ದೊರೆಯುತ್ತದೆ. ಖಾಸಗಿ ಕ್ಲಿನಿಕ್ಕಿನಲ್ಲಿ ಹತ್ತಾರು ಸಾವಿರ ರೂಪಾಯಿ ತಗಲುವ ಕೆಲಸ ಇದು. ಸರ್ಕಾರಿ ಸಂಸ್ಥೆಯಲ್ಲಿ ಚೀಟಿ, ಎಕ್ಸ್‌ರೇ ಮತ್ತು ಸಾಮಗ್ರಿಗೆ ನಿಗದಿಯಾದ ಶುಲ್ಕವಿದ್ದರೆ ಅದನ್ನು ಆರಂಭದಲ್ಲೇ ಕೇಳಿ ತಿಳಿದುಕೊಳ್ಳಿ. ಬಿಪಿಎಲ್ ಕಾರ್ಡು, ಮಗುವಿನ ಆಧಾರ್ ಮತ್ತು ಶಾಲೆಯ ಚೀಟಿಯನ್ನು ಮರೆಯದೆ ತನ್ನಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕಾದವರು ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರು. ಮಗುವನ್ನು ಪ್ರೀತಿಯಿಂದ ಕರೆತಂದ ಶಿಕ್ಷಕಿಯ ಸಹಿ ಸಾಲದು.

ಕಾಲೇಜುಗಳಲ್ಲಿ ತಂತಿ ಕಟ್ಟುವವರು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿರುವ ಎಂಡಿಎಸ್ (ದಂತ ವೈದ್ಯಕೀಯ ಸ್ನಾತಕೋತ್ತರ ಪದವಿ) ವಿದ್ಯಾರ್ಥಿಗಳು. ‘ಕಲಿಯೋ ಹುಡುಗರು’ ಎಂದು ಹಿಂಜರಿಯಬೇಕಿಲ್ಲ: ಅವರು ಈಗಾಗಲೇ ದಂತವೈದ್ಯರು, ಮತ್ತು ಒಂದೊಂದು ಹಂತವನ್ನೂ ಹಿರಿಯರಿಗೆ ತೋರಿಸಿಯೇ ಮುಂದುವರಿಯುತ್ತಾರೆ. ಅವರ ಕೋರ್ಸು ಮೂರು ವರ್ಷದ್ದಾದ್ದರಿಂದ ನಿಮ್ಮ ಮಗುವಿನ ಚಿಕಿತ್ಸೆ ತಡವಾಗಿ ಆರಂಭವಾದರೆ ಅಥವಾ ಎಳೆದಾಡಿದರೆ ನಡುವೆ ಡಾಕ್ಟರು ಬದಲಾಗುತ್ತಾರೆ. ಹೊಸಬರಿಗೆ ಹಳೆಯ ಫೈಲು ಹಸ್ತಾಂತರವಾಗಿದೆಯೇ ಎಂದು ವಿಚಾರಿಸಿಕೊಳ್ಳುವುದು ನಿಮ್ಮ ಹಕ್ಕು.

ಎಷ್ಟು ಕಾಲ ಹಿಡಿಯುತ್ತದೆ? ಎಷ್ಟು ಸಲ ಬರಬೇಕು?

ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷ, ನಾಲ್ಕರಿಂದ ಆರು ವಾರಕ್ಕೊಮ್ಮೆ ಭೇಟಿ. ಲೆಕ್ಕ ಹಾಕಿದರೆ ಇಪ್ಪತ್ತರಷ್ಟು ಸಲ ಬರಬೇಕು. ಸಾರ್ವಜನಿಕ ಸೇವೆಯಲ್ಲಿ ಚಿಕಿತ್ಸೆ ಕೆಡುವುದು ಹೆಚ್ಚಾಗಿ ಈ ಇಪ್ಪತ್ತು ದಿನಗಳ ಲೆಕ್ಕದಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ತಾಯಂದಿರಿಗೆ ಬಿಎಂಟಿಸಿ ಬಸ್ಸಿನ ಖರ್ಚು ತಪ್ಪಿದೆ. ಆದರೆ ಗಾರ್ಮೆಂಟ್ ಕಾರ್ಖಾನೆಯಲ್ಲೋ ಮನೆಗೆಲಸದಲ್ಲೋ ಇರುವ ತಾಯಿಗೆ ಅರ್ಧ ದಿನದ ಕೂಲಿ ಹೋಗುವುದು ತಪ್ಪಿಲ್ಲ. ಚಿಕಿತ್ಸೆ ಆರಂಭಿಸುವ ಮುಂಚೆ ಮನೆಯಲ್ಲಿ ಕೂತು ಯಾರು ಕರೆತರುತ್ತಾರೆ, ಯಾವ ವಾರ ಅನುಕೂಲ ಎಂದು ಮಾತಾಡಿಕೊಳ್ಳಿ. ಆಸ್ಪತ್ರೆಯ ಮುದ್ರೆಯಿರುವ ಚೀಟಿ ತೋರಿಸಿದರೆ ಹಾಜರಾತಿಯ ವಿಷಯದಲ್ಲಿ ಮುಖ್ಯೋಪಾಧ್ಯಾಯರು ಸಾಮಾನ್ಯವಾಗಿ ಸಹಕರಿಸುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ವಾರ ತಂತಿ ಬಿಗಿಸುವುದು ಬೇಡವೆಂದು ವೈದ್ಯರಿಗೆ ಹೇಳಲು ಸಂಕೋಚ ಬೇಡ.

ಕಟ್ಟಡ ಕೆಲಸಕ್ಕೆ ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಬಂದ ಕುಟುಂಬಗಳಿಗೆ ಒಂದು ಮಾತು. ಕೆಲಸ ಮುಗಿದ ಕೂಡಲೇ ಬೇರೆ ಊರಿಗೆ ಹೊರಡುವ ಸಂಭವವಿದ್ದರೆ ಅದನ್ನು ಮೊದಲ ದಿನವೇ ತಿಳಿಸಿ. ಯಾರ ಕಣ್ಣಿಗೂ ಬೀಳದೆ ವರ್ಷಗಟ್ಟಲೆ ಬಾಯಲ್ಲಿ ಉಳಿದ ತಂತಿ ಹಲ್ಲನ್ನು ಎತ್ತೆತ್ತಲೋ ಎಳೆಯುತ್ತದೆ, ತಂತಿ ಹಿಡಿದಿಡಲು ಹಲ್ಲಿಗೆ ಅಂಟಿಸುವ ಪುಟ್ಟ ತುಣುಕಾದ ಬ್ರಾಕೆಟ್ಟಿನ ಸುತ್ತ ಹುಳುಕು ಹಿಡಿಯುತ್ತದೆ. ಹೊರಡುವ ಮುಂಚೆ ಬಂದರೆ ಎಕ್ಸ್‌ರೇ ಮತ್ತು ಚಿಕಿತ್ಸೆಯ ಸಾರಾಂಶ ಕೊಟ್ಟು ಹತ್ತಿರದ ದಂತ ಕಾಲೇಜಿಗೆ ಬರೆದುಕೊಡಬಹುದು. ಅದೂ ಆಗದಿದ್ದರೆ ತಂತಿಯನ್ನು ಬಿಚ್ಚಿಸಿಕೊಂಡೇ ಹೋಗುವುದು ಲೇಸು.

ಸರಿಯಾದ ಹಲ್ಲನ್ನೇ ಕೀಳಬೇಕು ಎನ್ನುತ್ತಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣಿನ ನರಕ್ಕೆ ತೊಂದರೆಯಿಲ್ಲವೇ?

ಇಲ್ಲ. ಹಲ್ಲಿಗೆ ಹೋಗುವ ನರ ಬೇರೆ, ದೃಷ್ಟಿಯ ನರ ಬೇರೆ. ಅಜ್ಜಿಯರ ಮಾತನ್ನು ಅಲ್ಲಗಳೆಯುವುದು ಕಷ್ಟವೆಂದು ಬಲ್ಲೆ. ಆದರೆ ಹಲ್ಲು ಕಿತ್ತಿದ್ದರಿಂದ ದೃಷ್ಟಿ ಕುಂದುವುದಿಲ್ಲ. ದವಡೆ ಚಿಕ್ಕದು, ಹಲ್ಲು ದೊಡ್ಡದು ಎಂಬ ಸ್ಥಿತಿಯಲ್ಲಿ ಸಾಲು ನೇರವಾಗಲು ಜಾಗ ಬೇಕು. ಅದಕ್ಕಾಗಿ ಕೋರೆ ಹಲ್ಲಿನ ಹಿಂದಿನ ಸಣ್ಣ ದವಡೆ ಹಲ್ಲನ್ನು ತೆಗೆಯುತ್ತಾರೆ. ಎಲ್ಲ ಮಕ್ಕಳಿಗೂ ಇದು ಬೇಕಾಗುವುದಿಲ್ಲ. ಹಲ್ಲಿನ ಅಚ್ಚು ಮತ್ತು ಎಕ್ಸ್‌ರೇ ತೋರಿಸಿ ಕಾರಣ ವಿವರಿಸಿ ಎಂದು ಕೇಳಿ, ಅರ್ಥವಾದ ಮೇಲೆಯೇ ಒಪ್ಪಿಗೆ ಕೊಡಿ.

ತುಂಬಾ ನೋವಾಗುತ್ತದೆಯೇ?

ಬ್ರಾಕೆಟ್ ಅಂಟಿಸುವಾಗ ನೋವಿಲ್ಲ, ಸೂಜಿಯೂ ಇಲ್ಲ. ಅಂದು ಸಂಜೆಯಿಂದ ಮೂರು, ನಾಲ್ಕು ದಿನ ಹಲ್ಲು ಜುಮ್ಮೆನ್ನುತ್ತದೆ. ಗಂಜಿ, ಮೊಸರನ್ನ, ಮೆತ್ತನೆಯ ಇಡ್ಲಿ ಕೊಡಿ. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಆಸ್ಪತ್ರೆಯಲ್ಲಿ ಕೊಟ್ಟ ಮೇಣವನ್ನು ಕಡಲೆಕಾಳಿನಷ್ಟು ಉಂಡೆ ಮಾಡಿ ಅಂಟಿಸಿ. ಮನೆಯ ಕಟಿಂಗ್ ಪ್ಲೇಯರ್ ಮುಟ್ಟಬೇಡಿ.

ಶಾಲೆಯ ಊಟ ತಿನ್ನಬಹುದೇ?

ಬಿಸಿಯೂಟದ ಅನ್ನ ಸಾಂಬಾರು, ಮೊಟ್ಟೆ, ಬಾಳೆಹಣ್ಣು, ಹಾಲು ಯಾವುದಕ್ಕೂ ಅಡ್ಡಿಯಿಲ್ಲ. ರಾಗಿಮುದ್ದೆಯಂತೂ ನುಂಗುವ ಊಟ, ತಂತಿಗೆ ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ. ತೊಂದರೆ ಇರುವುದು ಶಾಲೆಯ ಗೇಟಿನಾಚೆ: ಕಡಲೆಕಾಯಿ ಚಿಕ್ಕಿ, ನಿಪ್ಪಟ್ಟು, ಕೋಡುಬಳೆ, ಸೀಬೆಕಾಯಿಯನ್ನು ಇಡಿಯಾಗಿ ಕಚ್ಚುವುದು, ಕಬ್ಬು ಸಿಗಿಯುವುದು. ಸಂಕ್ರಾಂತಿಯ ಮರುದಿನವೂ ಬಸವನಗುಡಿಯ ಕಡಲೆಕಾಯಿ ಪರಿಷೆಯ ಮರುವಾರವೂ ಕಿತ್ತುಬಂದ ಬ್ರಾಕೆಟ್ಟನ್ನು ಕಾಗದದಲ್ಲಿ ಸುತ್ತಿ ತರುವ ಮಕ್ಕಳು ಇದ್ದೇ ಇರುತ್ತಾರೆ. ಹಾಗೆ ಒಂದು ಕಿತ್ತರೆ ಆ ಹಲ್ಲು ಅಷ್ಟು ದಿನ ನಿಂತಲ್ಲೇ ನಿಲ್ಲುತ್ತದೆ. ಪ್ರತಿ ಊಟದ ನಂತರ ಬಾಯಿ ಮುಕ್ಕಳಿಸಬೇಕು. ಬೆಳಿಗ್ಗೆ ಮತ್ತು ರಾತ್ರಿ ಫ್ಲೋರೈಡ್ ಪೇಸ್ಟಿನಿಂದ ಬ್ರಾಕೆಟ್ಟಿನ ಮೇಲೂ ಕೆಳಗೂ ಉಜ್ಜಬೇಕು. ಉಜ್ಜದ ಮಗುವಿನ ಹಲ್ಲಿನ ಮೇಲೆ ತಂತಿ ಬಿಚ್ಚಿದಾಗ ಉಳಿಯುವ ಬಿಳಿ ಚೌಕಗಳು ಬಹುಕಾಲ ಹಾಗೆಯೇ ಇರುತ್ತವೆ.

ಹಲ್ಲಿನ ಮೇಲೆ ಕಂದು ಕಲೆಗಳಿವೆ. ಕ್ಲಿಪ್ ಅಂಟುತ್ತದೆಯೇ?

ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಕೊಳವೆಬಾವಿಯ ನೀರು ಕುಡಿದು ಬೆಳೆದ ಮಕ್ಕಳಲ್ಲಿ ಫ್ಲೋರೈಡಿನ ಕಲೆ ಸಾಮಾನ್ಯ. ಅಂಥ ಹಲ್ಲಿನ ಮೇಲೆ ಬ್ರಾಕೆಟ್ಟಿನ ಹಿಡಿತ ಸ್ವಲ್ಪ ಕಡಿಮೆಯಾದ್ದರಿಂದ ಅಂಟಿಸುವ ಮುನ್ನ ವೈದ್ಯರು ಹೆಚ್ಚುವರಿ ತಯಾರಿ ಮಾಡಿಕೊಳ್ಳುತ್ತಾರೆ. ಚಿಕಿತ್ಸೆಗೆ ಅದು ಅಡ್ಡಿಯಲ್ಲ.

ಶಾಲೆಯಲ್ಲಿ ‘ಹಲ್ಲುಬ್ಬ’ ಎಂದು ಆಡಿಕೊಳ್ಳುತ್ತಾರೆ. ಇದು ಚಿಕಿತ್ಸೆಗೆ ಕಾರಣವಾಗಬಹುದೇ?

ಆಗಬಹುದು. ನಗುವಾಗ ಕೈ ಅಡ್ಡ ಹಿಡಿಯುವ, ಪಾಠ ಓದಲು ಎದ್ದು ನಿಲ್ಲದ ಮಗುವಿನ ಸಂಕಟ ಮಿಲಿಮೀಟರಿನ ಅಳತೆಗೆ ಸಿಗುವುದಿಲ್ಲ, ಹಾಗೆಂದು ಅದು ಸುಳ್ಳಲ್ಲ. ಇದನ್ನು ತಜ್ಞರಿಗೆ ಬಾಯಿಬಿಟ್ಟು ಹೇಳಿ, ಫೈಲಿನಲ್ಲಿ ಬರೆಸಿ. ಆದರೆ ಕ್ಲಿಪ್ ಬೇಡವೆಂದು ಮಗುವೇ ಹೇಳುತ್ತಿದ್ದರೆ, ತೊಂದರೆ ತೀವ್ರವಲ್ಲದಿದ್ದರೆ, ಒತ್ತಾಯಿಸಬೇಡಿ. ಮನಸ್ಸಿಲ್ಲದ ಮಗುವಿನ ಬಾಯಲ್ಲಿ ತಂತಿ ಉಳಿಯುವುದಿಲ್ಲ.

ತೆಗೆದು ಮತ್ತೆ ಹಾಕಿಕೊಳ್ಳುವ ಪ್ಲೇಟು ಕಳೆದುಹೋಗಿದೆ. ಏನು ಮಾಡಬೇಕು?

ಬೈಯುವ ಮೊದಲು ಊಟದ ಜಾಗದಲ್ಲಿ ಹುಡುಕಿಸಿ. ಮಕ್ಕಳು ಅದನ್ನು ಕಾಗದದಲ್ಲಿ ಸುತ್ತಿ ತಟ್ಟೆಯ ಪಕ್ಕ ಇಡುತ್ತಾರೆ, ಉಳಿದ ಅನ್ನದ ಜೊತೆ ಅದೂ ತೊಟ್ಟಿ ಸೇರುತ್ತದೆ. ಒಂದು ಗಟ್ಟಿ ಡಬ್ಬಿ ಕೊಟ್ಟು, ಬಾಯಲ್ಲಿಲ್ಲದಿದ್ದರೆ ಡಬ್ಬಿಯಲ್ಲಿ ಎಂದು ಅಭ್ಯಾಸ ಮಾಡಿಸಿ. ಬಿಸಿನೀರಿನಲ್ಲಿ ತೊಳೆದರೆ ಪ್ಲೇಟು ಸೊಟ್ಟಗಾಗುತ್ತದೆ. ಸಿಗದಿದ್ದರೆ ಮುಂದಿನ ತಾರೀಖಿಗೆ ಕಾಯದೆ ಅದೇ ವಾರ ಬನ್ನಿ, ಹೊಸ ಅಚ್ಚು ತೆಗೆಯಬೇಕಾಗುತ್ತದೆ.

ತಂತಿ ಬಿಚ್ಚಿದ ಮೇಲೆ ಮುಗಿಯಿತಲ್ಲವೇ?

ಮುಗಿಯಲಿಲ್ಲ. ಸರಿಸಿದ ಹಲ್ಲು ಹಳೆಯ ಜಾಗಕ್ಕೆ ಮರಳಲು ಹವಣಿಸುತ್ತದೆ. ಅದನ್ನು ತಡೆಯಲು ರಿಟೇನರ್ ಎಂಬ ಪ್ಲೇಟನ್ನು ಮೊದಲ ಹಲವು ತಿಂಗಳು ಬಹುಪಾಲು ಹೊತ್ತು, ಆಮೇಲೆ ರಾತ್ರಿ ಮಾತ್ರ, ವೈದ್ಯರು ಹೇಳುವಷ್ಟು ಕಾಲ ಹಾಕಿಕೊಳ್ಳಬೇಕು. ಹತ್ತನೆಯ ತರಗತಿ ಮುಗಿಸಿ ಪಿಯು ಕಾಲೇಜಿಗೆ ಸೇರಿದ ಮಕ್ಕಳು ಶಾಲಾ ಸೇವೆ ಮುಗಿಯಿತೆಂದು ಬರುವುದನ್ನು ನಿಲ್ಲಿಸುತ್ತಾರೆ. ಆಸ್ಪತ್ರೆಯ ಫೈಲು ಶಾಲೆಯ ಹೆಸರಿನಲ್ಲಿಲ್ಲ, ನಿಮ್ಮ ಮಗುವಿನ ಹೆಸರಿನಲ್ಲಿದೆ. ಅದೇ ಚೀಟಿಯ ಸಂಖ್ಯೆ ಹೇಳಿದರೆ ರಿಟೇನರ್ ಸಡಿಲವಾದಾಗ ಮತ್ತೆ ಹೊಂದಿಸಿ ಕೊಡುತ್ತಾರೆ.